ಪುಸ್ತಕ ಹೇಳುವವನಿಗೆ ಒಂದು ಸೇರು ಜೋಳ

ಮೊನ್ನೆ ಇಲ್ಲಿ ಗೋವಾದಲ್ಲಿ, ನಮ್ಮ ಸಡಾದ ಹಿಟ್ಟಿನ ಗಿರಣಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಜೋಳ ಬೀಸಿಸಿದಳು. ನಾನು ತಂದದ್ದು ಗೋಧಿ. ಗಿರಣಿಯವನು ಕಲ್ಲು ಒರೆಸದೆ ಅದರ ಮೇಲೆಯೇ ನನ್ನ ಗೋಧಿ ಸುರಿದುಬಿಟ್ಟ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಬೈಯುತ್ತಿದ್ದೆ. ಅವತ್ತು ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಂದು ಬಾಯಿ ಕಟ್ಟಿಹೋಯಿತು. ಮನೆಗೆ ಬಂದು ಚಪಾತಿ ಮಾಡಿದೆ. ಅತ್ತ ಚಪಾತಿಯೂ ಅಲ್ಲ, ಇತ್ತ ರೊಟ್ಟಿಯೂ ಅಲ್ಲ. ಗಂಡ ಒಂದು ತುತ್ತು ತಿಂದು ಇದೇನು ಅಂದ. ಕಾಕಾ ನೆನಪಾದರು ಅಂದೆ. ಚಪಾತಿ ಕೆಟ್ಟದ್ದಕ್ಕೂ ಕಾಕಾಗೂ ಏನು ಸಂಬಂಧ ಅಂತ ಅವನು ಕೇಳಿದ. ಹೇಳಲು ಹೋಗಿ ನನಗೇ ಗೊಂದಲವಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ನನ್ನ ಪೇಜು ಓದುವವರಿಗೆ ಅದು ಹೊಸದಲ್ಲ.

ಕಾಕಾ ಅಂದರೆ ಸ್ವಂತ ಚಿಕ್ಕಪ್ಪ ಅಲ್ಲ, ಪಕ್ಕದ ಮನೆಯವರು. ನಮ್ಮಪ್ಪನೂ ಅವರೂ ಹರೆಯದಲ್ಲಿ ವಿಜಯಪುರದ ಕಡೆಯಿಂದ ಬಂದು ಇಲ್ಲಿಯ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವ ಕೆಲಸಕ್ಕೆ ನಿಂತವರು. ಅಪ್ಪ ಬೇಗ ತೀರಿಹೋದ. ಕಾಕಾ ನಿವೃತ್ತಿಯಾಗುವ ತನಕ ದುಡಿದರು. ಅಷ್ಟು ವರ್ಷ ಯಂತ್ರಗಳ ಗದ್ದಲದಲ್ಲಿ ನಿಂತವರ ಕಿವಿ ಏನಾಗಿರುತ್ತದೆ ಅಂತ ಕೇಳಬೇಡಿ. ಅವರೂ ನಾನೂ ಮಾತಾಡುತ್ತಿದ್ದರೆ ಜಗಳ ಹತ್ತಿದೆ ಅಂತ ದಾರಿಹೋಕರು ನಿಂತು ನೋಡುತ್ತಿದ್ದರು.

ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ರಿಚಾರ್ಜು, ಝೆರಾಕ್ಸು, ಚಾರ್ಜರು, ಫೋನಿನ ಕವರು. ಕಾಕಾ ದಿನಾ ಊಟಕ್ಕೆ ಮುಂಚೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದರು. ಡೇಟಾ ಅಗ್ಗವಾದ ಹೊಸತು ಅದು. ಮಗಳು ಅವರಿಗೆ ದೊಡ್ಡ ಫೋನು ಕೊಡಿಸಿದ್ದಳು. ಒಂದು ದಿನ ಅದನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಇದರಾಗ ಏನರ ಕೇಳೂದು ಹಾಕಿ ಕೊಡವ್ವಾ. ಹಾಡು ಬ್ಯಾಡ. ಸುದ್ದಿನೂ ಬ್ಯಾಡ, ಆ ಸುದ್ದಿಯವ್ರು ನನಗಿಂತ ಜೋರಾಗಿ ಒದರತಾರ."

ಪುಸ್ತಕಗಳನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಆ್ಯಪ್ ಹಾಕಿಕೊಟ್ಟೆ. ಎಲ್ಲರೂ ಕೇಳುತ್ತಿದ್ದಾರೆ ಅಂತ ಅದು ಮೇಲೆಯೇ ತೋರಿಸುತ್ತಿದ್ದ ಎರಡನ್ನು ಒತ್ತಿದೆ. ಒಂದು ಮನುಷ್ಯರ ಇತಿಹಾಸ, ಗುಹೆಯ ಕಾಲದಿಂದ ಇವತ್ತಿನ ತನಕ. ಇನ್ನೊಂದು ಭೂಮಿ, ಕಲ್ಲು, ಪ್ರಾಣಿ, ಸಮುದ್ರದ ವಿಜ್ಞಾನ. ನಾನು ಎರಡನ್ನೂ ಕೇಳಿದವಳಲ್ಲ. ಅವರು ಸುಮ್ಮನೆ ಕೂತರೆ ಸಾಕಿತ್ತು, ನನಗೆ ಗಿರಾಕಿ ಇದ್ದರು.

ಆದರೆ ಏನಾಯಿತೋ, ಎರಡೂ ಪುಸ್ತಕ ಒಂದೇ ಪಟ್ಟಿಯಲ್ಲಿ ಕೂತುಬಿಟ್ಟಿದ್ದವು. ಇತಿಹಾಸದ ಒಂದು ಅಧ್ಯಾಯ ಮುಗಿದರೆ ವಿಜ್ಞಾನದ ಒಂದು, ಅದು ಮುಗಿದರೆ ಮತ್ತೆ ಇತಿಹಾಸ. ಓದುವ ದನಿ ಎರಡಕ್ಕೂ ಒಬ್ಬನದೇ, ನಿಧಾನದ, ತುಂಬಿದ ಗಂಡು ದನಿ. ಕಾಕಾ ಅದನ್ನು ಒಂದೇ ಕಥೆ ಅಂತ ಕೇಳುತ್ತ ಹೋದರು. ನನಗೆ ಗೊತ್ತಾಗುವಷ್ಟರಲ್ಲಿ ಬಹಳ ದೂರ ಬಂದಿದ್ದರು.

"ಮೊದಲ ಎಲ್ಲಾ ಬೆಂಕಿ ಇತ್ತಂತ," ಅಂತ ನನಗೆ ಹೇಳಿದರು. "ನಮ್ಮೂರ ಕರಿ ಎರಿ ಮಣ್ಣು ಅದ ಬೆಂಕಿ ಆರಿ ಆಗಿದ್ದಂತ. ಆಮ್ಯಾಲೆ ಇಟ್ಟಂಗಿ ಮನಿ ಕಟ್ಟಿದ್ರು, ಗಟಾರ ಕಟ್ಟಿದ್ರು, ಭಾಳ ಚಲೋ ಕಟ್ಟಿದ್ರು. ಆಮ್ಯಾಲೆ ತಿಮಿಂಗಲಕ್ಕ ಕಾಲಿದ್ದೂವಂತ. ಅದು ನೀರಿಗಿ ಹೋತು. ಆ ಗಟಾರ ಕಟ್ಟಿದಾವ್ರೂ ಎಲ್ಲಿಗೋ ಹ್ವಾದ್ರು. ಎಲ್ಲಿಗಿ ಹ್ವಾದ್ರು ಅಂತ ಆ ಹೇಳಾವಗೂ ಖರೇ ಗೊತ್ತಿಲ್ಲಂತ."

"ಕಾಕಾ, ಅವು ಎರಡು ಬ್ಯಾರೆ ಬ್ಯಾರೆ ಪುಸ್ತಕ ಅದಾವ್ರಿ."

"ದನಿ ಒಂದ ಐತಲ್ಲ."

ಪಟ್ಟಿ ಬಿಡಿಸಿ ಕೊಡುತ್ತೇನೆ ಅಂದೆ. ಬೇಡ ಅಂದರು. ಬಿಡಿಸಿದರೆ ದಾರಿ ತಪ್ಪುತ್ತದೆ ಅಂದರು. ಇತಿಹಾಸದವರು ಮನುಷ್ಯ ಎಲ್ಲಿಂದ ಬಂದ ಅಂತ ಆಫ್ರಿಕಾಕ್ಕೆ ಕರೆದುಕೊಂಡು ಹೋದರೆ ವಿಜ್ಞಾನದವರು ಇನ್ನೂ ಹಿಂದೆ ಮೀನಿನ ತನಕ ಹೋಗುತ್ತಿದ್ದರು. ಕಾಕಾ ಎರಡನ್ನೂ ಒಪ್ಪಿಕೊಂಡಿದ್ದರು. ತಲೆ ಕೆಟ್ಟದ್ದು ನನ್ನದು. ಒಂದೊಂದು ಮಧ್ಯಾಹ್ನ ಅವರು ಹೇಳಿದ್ದನ್ನು ಕೇಳಿ, ಮನೆಗೆ ಹೋಗಿ ಮಕ್ಕಳ ಪಾಠದ ಪುಸ್ತಕ ತೆಗೆದು ನೋಡಿದರೆ ಅಲ್ಲಿ ಬೇರೆಯೇ ಇರುತ್ತಿತ್ತು, ಅಥವಾ ಅದೇ ಇದ್ದು ನನಗೆ ತಿಳಿಯುತ್ತಿರಲಿಲ್ಲ…

ಕೆಲವು ದಿನದ ಮೇಲೆ ಅವರು ಇದ್ದಕ್ಕಿದ್ದಂತೆ ಅಂದರು: "ಇವ ನಮ್ಮ ಹೆಳವ ಇದ್ದಂಗ ಅದಾನ ನೋಡವ್ವಾ."

ಬೆಂಗಳೂರು, ಮಂಗಳೂರು ಕಡೆಯ ಓದುಗರಿಗೆ ಹೆಳವ ಅಂದರೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಒಂದೊಂದು ಮನೆತನಕ್ಕೂ ಒಬ್ಬ ಹೆಳವ ಇರುತ್ತಾನೆ. ಕೆಲವು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಎತ್ತಿನ ಮೇಲೆ ಕೂತು ಬರುತ್ತಾನೆ. ಈಗಿನವರು ಬೈಕಿನ ಮೇಲೆ ಬರುತ್ತಾರಂತೆ. ಮನೆಯ ಮುಂದೆ ನಿಂತು ಆ ಮನೆತನದ ಮೊಟ್ಟಮೊದಲ ಹಿರಿಯನಿಂದ ಶುರುಮಾಡುತ್ತಾನೆ. ಯಾರ ಮಗ ಯಾರು, ಯಾವ ಊರಿಂದ ಹೆಣ್ಣು ತಂದರು, ಮಗಳನ್ನು ಯಾವ ಊರಿಗೆ ಕೊಟ್ಟರು, ಎಲ್ಲವನ್ನೂ ರಾಗದಲ್ಲಿ ಬಾಯಿಂದಲೇ ಹೇಳುತ್ತಾನೆ. ಮುಗಿದ ಮೇಲೆ ಮನೆಯವರು ಕಾಳು ಕೊಡುತ್ತಾರೆ. ಕಾಳು ತೆಗೆದುಕೊಂಡ ಮೇಲೆ ಅವನು ಹೊಸದಾಗಿ ಹುಟ್ಟಿದವರ, ಮದುವೆಯಾಗಿ ಬಂದವರ ಹೆಸರು ಕೇಳಿ ಕೂಡಿಸಿಕೊಳ್ಳುತ್ತಾನೆ. ಮುಂದಿನ ಸಲ ಬಂದಾಗ ಆ ಹೆಸರುಗಳೂ ಅವನ ಬಾಯಲ್ಲಿ ಬರುತ್ತವೆ. ಬರದಿದ್ದರೆ ನೀನು ಆ ಮನೆಯವನಲ್ಲ. ಅಷ್ಟೇ.

ಕಾಕಾನ ಹೆಸರು ಬರುತ್ತಿರಲಿಲ್ಲ. ಸಡಾದಲ್ಲಿ ಎಲ್ಲರಿಗೂ ಇದು ಗೊತ್ತಿದ್ದ ವಿಷಯ. ಅವರು ಮದುವೆಯಾದದ್ದು ಇಲ್ಲಿಯವಳನ್ನು, ಗುಡ್ಡದ ಕೆಳಗಿನ ಮೀನುಗಾರರ ಓಣಿಯವಳನ್ನು. ಕಾಕಾನದು ಮೀನಿನ ವಾಸನೆಯೂ ಕಾಣದ ಮನೆ. ಊರಲ್ಲಿ ಮನೆ ಹಿಡಿದು ಉಳಿದವನು ಅವರ ತಮ್ಮ. ಹೆಳವ ಬಂದಾಗ, ಅಣ್ಣನ ಟೊಂಗೆ ಬಿಟ್ಟು ಹೇಳು ಅಂದನಂತೆ. ಹೆಳವ ಬಿಟ್ಟ. ಅಪ್ಪನಿಂದ ನೇರವಾಗಿ ತಮ್ಮನಿಗೆ ಹೋದ. ಹಿರಿಮಗ ಇರಲೇ ಇಲ್ಲ ಅನ್ನುವ ಹಾಗೆ.

ಇದನ್ನು ಹೇಳುವಾಗ ಕಾಕಾ ಅಳುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ. "ನನ್ನ ಹೆಸರು ಹೋಗಲಿ ಅತ್ಲಾಗ," ಅನ್ನುತ್ತಿದ್ದರು. "ಅಕಿದು, ನನ್ನ ಮಗಳದು ಬರಬೇಕಿತ್ತು. ಏನ್ ತಪ್ಪು ಮಾಡ್ಯಾರ ಅವ್ರು?" ಅವರಿಗೆ ಬೇಕಾಗಿದ್ದದ್ದು ಅದೊಂದೇ. ಯಾರಾದರೊಬ್ಬರು ಮೊದಲಿನಿಂದ ಹೇಳುತ್ತ ಬಂದು, ಆ ಮೂರು ಹೆಸರನ್ನು ಅದರ ಜಾಗದಲ್ಲಿ ಹೇಳಬೇಕು.

ಕಾಕೂ ಅಂದರೆ ಕಾಕಾನ ಹೆಂಡತಿ. ಅವರ ಬಗ್ಗೆಯೂ ಹೇಳಬೇಕು. ದಪ್ಪನೆಯ, ಗಟ್ಟಿ ನಗುವಿನ ಹೆಂಗಸು. ಕಾಕಾನಿಂದ ಕಲಿತ ಅವರ ಕನ್ನಡದಲ್ಲಿ ಅರ್ಧ ಕೊಂಕಣಿ. ಊಟದ ಹೊತ್ತಾದರೂ ಗಂಡ ಬರದಿದ್ದರೆ ಮೀನಿನ ಕೈ ಒರೆಸಿಕೊಳ್ಳುತ್ತ ನನ್ನ ಅಂಗಡಿಗೇ ಬರುತ್ತಿದ್ದರು.

"ಏನ್ ಕೇಳ್ತಾನ ಇಂವ ದಿನಾ?" ಅಂತ ನನ್ನನ್ನು ಕೇಳಿದರು ಒಮ್ಮೆ.

"ಮನಷ್ಯಾರು ಎಲ್ಲಿಂದ ಬಂದ್ರು ಅಂತ ಕೇಳಾಕತ್ತೇನಿ," ಅಂದರು ಕಾಕಾ. "ಲಕ್ಷಗಟ್ಟಲೆ ವರ್ಷ ಹಿಂದ ಹ್ವಾದ್ರ ನೀನೂ ನಾನೂ ಒಂದ ಮನಿಯವ್ರಂತ."

"ಅಷ್ಟ ಹಿಂದ ಯಾಕ ಹೋಗ್ತಿ? ಇಲ್ಲೇ ಎದುರಿಗಿ ಮನಿ ಅದ. ಎದ್ದು ಬಾ, ಸಾರು ಆರತದ."

"ಇನ್ನೂ ಹಿಂದ ಹ್ವಾದ್ರ ಎಲ್ಲಾರೂ ಮೀನಂತ."

"ಹಂಗಾರ ನಿನ್ನ ತಮ್ಮಗ ಹೇಳು ಅದನ್ನ," ಅಂದರು ಕಾಕೂ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಾಕಾನೂ ನಕ್ಕರು. ಆಮೇಲೆ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೆಂಡತಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆ ಮಾತಿನಲ್ಲಿ ತಮಾಷೆ ಎಷ್ಟು, ನೋವು ಎಷ್ಟು ಅಂತ ಅವರಿಗೂ ತಿಳಿದಿರಲಿಲ್ಲವೇನೋ. ನನಗಂತೂ ತಿಳಿಯಲಿಲ್ಲ.

ಜೋಳದ ವಿಷಯಕ್ಕೆ ಬರುತ್ತೇನೆ. ಅದು ಮಳೆಗಾಲವೋ, ಚೌತಿಯ ಹತ್ತಿರವೋ… ಕಾಕಾ ಒಂದು ಟವೆಲ್ಲಿನಲ್ಲಿ ಏನೋ ಗಂಟು ಕಟ್ಟಿಕೊಂಡು ಬಂದರು. ಒಂದು ಸೇರು ಬಿಳಿ ಜೋಳ. ಊರ ಕಡೆಯ ಲಾರಿಯವರಿಂದ ತರಿಸಿದ್ದಂತೆ.

"ಇದನ್ನ ಅವಗ ಮುಟ್ಟಸು."

"ಯಾರಿಗ್ರಿ?"

"ಫೋನಿನಾಗ ಹೇಳ್ತಾನಲ್ಲ, ಅವಗ. ಇಷ್ಟ ದಿನ ಪುಕ್ಕಟೆ ಹೇಳ್ಯಾನ."

"ಕಾಕಾ, ಅವಗ ಕಂಪನಿಯವ್ರು ಪಗಾರ ಕೊಡ್ತಾರ್ರಿ. ಅವ ಒಮ್ಮಿ ಓದಿ ಹೋಗ್ಯಾನ. ಈಗ ಮನ್ಯಾಗ ಉಂಡು ಮಲಗಿರ್ತಾನ."

"ಪಗಾರ ಬ್ಯಾರೆ, ಕಾಳು ಬ್ಯಾರೆ. ಕಾಳು ಕೊಡಲಿಲ್ಲಂದ್ರ ಹೆಸರು ಹ್ಯಾಂಗ ಕೂಡಸ್ತಾನ?"

ನಾನು ಅವರ ಮುಖ ನೋಡಿದೆ. ಇದೇ ಮನುಷ್ಯ ಬಂದರಿನಲ್ಲಿ ಅಷ್ಟು ದೊಡ್ಡ ಯಂತ್ರ ನಡೆಸಿದವರು. ಫೋನಿನಲ್ಲಿ ಮಗಳ ಜೊತೆ ವಿಡಿಯೋ ಮಾತಾಡುವವರು. ರೆಕಾರ್ಡ್ ಆದ ದನಿ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ. ಆದರೆ ಆ ಗಂಟು ಹಿಡಿದ ಕೈ ತಮಾಷೆ ಮಾಡುವವರ ಕೈ ಆಗಿರಲಿಲ್ಲ. ಗೊತ್ತಿದ್ದೂ ಹಾಗೆ ಮಾಡಿದರೋ, ನಿಜವಾಗಿ ನಂಬಿದ್ದರೋ… ಇಷ್ಟು ವರ್ಷವಾದರೂ ನನಗೆ ಒಂದು ತೀರ್ಮಾನಕ್ಕೆ ಬರಲು ಆಗಿಲ್ಲ.

ಅವನ ವಿಳಾಸ ನನ್ನ ಹತ್ತಿರ ಇಲ್ಲ ಅಂತ ಹೇಳಿದೆ. ಕಾಕಾ ಯೋಚನೆ ಮಾಡಿದರು. ಆಮೇಲೆ ಗಂಟನ್ನು ನನ್ನ ಕಡೆ ಸರಿಸಿದರು.

"ಹಂಗಾರ ನೀ ತಗೋ. ಅವನ್ನ ಹಚ್ಚಿ ಕೊಟ್ಟಾಕಿ ನೀನ. ಅವನ ಪರವಾಗಿ ನೀ ತಗೊಂಡಿ ಅಂತ ತಿಳಕೋತೇನಿ. ಆದ್ರ ಕಾಳು ತಗೊಂಡಾವ್ರು ಹೆಸರು ಬಿಡಬಾರದು ನೋಡು."

ನಾನು ತೆಗೆದುಕೊಂಡೆ. ಜೋಳ ಚಲೋ ಇತ್ತು. ರೊಟ್ಟಿ ಮಾಡಿ ತಿಂದೆವು.

ಹೆಸರಿಗೆ ಏನು ಮಾಡುವುದು. ಆ ಪುಸ್ತಕದ ಕೆಳಗೆ ಕೇಳುಗರು ಅನಿಸಿಕೆ ಬರೆಯುವ ಜಾಗ ಇತ್ತು. ಅಲ್ಲಿ ಬರೆದರೆ ಅವನಿಗೆ ಕಾಣುತ್ತದೆ ಅಂದೆ. ಕಾಕಾ ನೆಟ್ಟಗೆ ಕೂತು ಹೇಳಿದರು. ಮೊದಲು ತಮ್ಮ ಊರು, ಅಪ್ಪನ ಹೆಸರು, ಆಮೇಲೆ ತಮ್ಮದು, ಆಮೇಲೆ ಮಗಳದು. ನಡುವೆ ಹೆಂಡತಿಯ ಹೆಸರು ಕೇಳಿದರೆ ನಾಚಿಕೊಂಡರು. ನಮ್ಮ ಕಡೆಯ ಆ ವಯಸ್ಸಿನವರು ಹೆಂಡತಿ ಹೆಸರು ಬಾಯಲ್ಲಿ ಹೇಳುವುದಿಲ್ಲ. "ಅಕಿ ಬಂದಾಗ ಅಕೀನ ಕೇಳಿ ಬರಿ," ಅಂದರು.

ಕಾಕೂ ಬಂದರು, ಊಟಕ್ಕೆ ಕರೆಯಲು. ಕೇಳಿದೆ. "ಮ್ಹಜೆಂ ನಾಂವ್ ಕಿತ್ಯಾಕ್?" ಅಂದರು, ನನ್ನ ಹೆಸರು ಯಾಕೆ ಅಂತ. ವಿಷಯ ಹೇಳಿದೆ. ಅವರು ನಕ್ಕ ನಗುವಿಗೆ ಎದುರಿನ ಹೋಟೆಲಿನವನು ತಿರುಗಿ ನೋಡಿದ. "ಕಾಕೂ ಅಂತ ಬರಿ. ಇಡೀ ಸಡಾ ಹಂಗ ಕರೀತದ," ಅಂದರು. ನಾನು ಹಾಗೇ ಬರೆದೆ. ಆ್ಯಪಿನವರಿಂದ ಉತ್ತರವೂ ಬಂತು. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಅಂತ. ಎಲ್ಲರಿಗೂ ಅದನ್ನೇ ಕಳಿಸಿರುತ್ತಾರೆ. ಕಾಕಾ ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಬಹಳ ಸಮಾಧಾನವಾದ ಹಾಗೆ ಕಂಡರು.

ಅಲ್ಲಿಂದ ಮುಂದೆ ಅವರು ಕೇಳುವ ರೀತಿ ಬದಲಾಯಿತು. ಫೋನು ಕಿವಿಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ ಕೂಡುತ್ತಿದ್ದರು. ಹೆಳವ ಮೂಲದಿಂದ ಶುರುಮಾಡಿ ಇವತ್ತಿಗೆ ಬರುತ್ತಾನೆ. ಇವನೂ ಹಾಗೇ ಬರುತ್ತಿದ್ದಾನೆ. ರಾಜರು ಮುಗಿದರು, ಹಡಗಿನವರು ಬಂದರು, ಯಂತ್ರಗಳು ಬಂದವು. ಇವತ್ತಿಗೆ ಬಂದಾಗ ನಮ್ಮ ಸರದಿ ಬರಲೇಬೇಕು, ಅದು ಅವರ ಲೆಕ್ಕ. ನಡುನಡುವೆ ವಿಜ್ಞಾನದ ಅಧ್ಯಾಯ ಬಂದು ಹವಳ, ಜೇನು, ಹಿಮ ಅಂತ ಶುರುವಾದರೆ ಚಡಪಡಿಸುತ್ತಿದ್ದರು. "ಇವ ಹತ್ರ ಬಂದಾಗ ಹೊಳ್ಳಿ ಹಿಂದ ಹೋಗ್ತಾನ ನೋಡ," ಅಂತ ನನಗೆ ದೂರು ಹೇಳುತ್ತಿದ್ದರು.

ಕೊನೆಯ ಅಧ್ಯಾಯದ ದಿನ ನನಗೂ ಕೆಲಸ ಮಾಡಲು ಆಗಲಿಲ್ಲ. ಬಸ್ಸಿನ ಗದ್ದಲ ಬರಬಾರದು ಅಂತ ಕಾಕಾ ಶಟರ್ ಅರ್ಧ ಇಳಿಸಿದರು. ಆ ದನಿ ನಿಧಾನವಾಗಿ ಹೇಳುತ್ತ ಹೋಯಿತು. ನಗರಗಳು, ಯಂತ್ರಗಳು, ಮುಂದೆ ಏನಾಗಬಹುದೋ ಅಂತ ಒಂದಿಷ್ಟು. ಕೇಳಿದ್ದಕ್ಕೆ ಧನ್ಯವಾದ ಅಂದಿತು. ಆಮೇಲೆ ಒಂದು ಸಂಗೀತ ಬಂದು ತಾನೇ ನಿಂತಿತು.

"ಮುಗೀತಾ?"

"ಮುಗೀತ್ರಿ."

"ಗೋವಾ ಅಂದನೇನ?"

"ಇಲ್ರಿ."

"ಬಂದರದಾಗ ದುಡದಾವ್ರು ಅಂತರ ಅಂದನೇನ? ನನಗ ಒಂದೊಂದು ಮಾತು ಕೇಳೂದಿಲ್ಲ."

"ಇಲ್ರಿ ಕಾಕಾ. ಅನಲಿಲ್ಲ."

ಅವರು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಶಟರ್ ಎತ್ತಿದರು. ಹೊರಗೆ ಬಿಸಿಲಿತ್ತು, ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. "ಹಂಗಾರ ಅವ ಇನ್ನೂ ನಮ್ಮ ಕಾಲಕ್ಕ ಬಂದಿಲ್ಲ ಬಿಡು," ಅಂದರು. ಮರುದಿನ ಬಂದು ಮೊದಲಿನಿಂದ ಮತ್ತೆ ಹಚ್ಚಿಸಿಕೊಂಡರು.

ಕಾಕೂ ಮೊದಲು ಹೋದರು. ಜ್ವರ ಅಂತ ಮಲಗಿದವರು ಏಳಲಿಲ್ಲ. ಅದಾದ ಮೇಲೆ ಕಾಕಾ ಪುಸ್ತಕ ಕೇಳಿದ್ದನ್ನು ನಾನು ನೋಡಿಲ್ಲ. ಕುರ್ಚಿಯಲ್ಲಿ ಬಂದು ಕೂಡುತ್ತಿದ್ದರು, ಊಟದ ಹೊತ್ತಾದರೆ ತಾವೇ ಎದ್ದು ಹೋಗುತ್ತಿದ್ದರು. ಕರೆಯಲು ಯಾರೂ ಬರುತ್ತಿರಲಿಲ್ಲವಲ್ಲ. ನಂತರದ ವರ್ಷ ಅವರೂ ಹೋದರು. ಅವತ್ತು ಊರಿಗೆ ಫೋನು ಮಾಡಿದವಳು ನಾನೇ. ತಮ್ಮ ಬರಲಿಲ್ಲ. ತಮ್ಮನ ಮಗ ಒಬ್ಬ ಬಂದ. ಮಣ್ಣು ಹಾಕಿ, ನನ್ನ ನಂಬರು ತೆಗೆದುಕೊಂಡು, ಅದೇ ಸಂಜೆಯ ಬಸ್ಸಿಗೆ ಹೊರಟ. ಮಗಳು ಮನೆ ಖಾಲಿ ಮಾಡಿ ಸಾಂಖಳಿಗೆ, ತನ್ನ ಗಂಡನ ಮನೆಗೆ ಹೋದಳು. ಆ ಕುರ್ಚಿ ಈಗಲೂ ಇದೆ. ಗಿರಾಕಿಗಳು ಕೂಡುತ್ತಾರೆ.

ಇಷ್ಟು ಹಳೆಯದು. ಈಗ ಹೊಸದು.

ಗಿರಣಿಯಿಂದ ಬಂದ ಮಾರನೆಯ ದಿನವೇ ಆ ತಮ್ಮನ ಮಗನ ಫೋನು ಬಂತು. ಜೋಳದ ವಾಸನೆಗೂ ಇದಕ್ಕೂ ಏನೋ ಇದೆ ಅಂತ ನಾನು ಹೇಳುತ್ತಿಲ್ಲ. ಬಂತು ಅಂತ ಹೇಳುತ್ತಿದ್ದೇನೆ, ಅಷ್ಟೇ.

"ಅಕ್ಕಾರ, ನಮ್ಮಪ್ಪ ತೀರಕೊಂಡು ವರ್ಷಾತ್ರಿ. ಈಗ ಮನಿಗಿ ಹೆಳವ ಬಂದಾನ. ದೊಡ್ಡಪ್ಪನ ಟೊಂಗಿ ಕೂಡಸ್ರಿ ಅಂತ ನಾನ ಹೇಳೇನಿ. ದೊಡ್ಡವ್ವನ ಹೆಸರು ಏನರಿ? ನಮ್ಮನ್ಯಾಗ ಯಾರಿಗೂ ಗೊತ್ತಿಲ್ಲ."

ಅಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿ ಇದ್ದೇವೆ, ಅವರ ಕೈಯ ಸಾರು ಉಂಡಿದ್ದೇನೆ. ಕಾಕೂ ಅಂದದ್ದು ಬಿಟ್ಟರೆ ನನಗೂ ಬೇರೆ ಗೊತ್ತಿರಲಿಲ್ಲ. ಮಗಳ ಹೆಸರು ಗೊತ್ತಿತ್ತು, ಅದನ್ನು ಹೇಳಿದೆ. ಹಿಂದಿನಿಂದ ಒಬ್ಬ ಮುದುಕನ ದನಿ ಕೇಳಿತು, ಹೆಳವನದೇ ಇರಬೇಕು: "ತಾಯಿ ಹೆಸರಿಲ್ಲದ ಮಗಳನ್ನ ಹ್ಯಾಂಗ ಕೂಡಸೂದ್ರಿ?" ಮಗಳನ್ನೇ ಕೇಳಿ ಹೇಳುತ್ತೇನೆ, ಅಲ್ಲಿಯವರೆಗೆ ಅವರನ್ನು ಕಳಿಸಬೇಡಿ ಅಂದೆ.

ಸಾಂಖಳಿಗೆ ಫೋನು ಹಚ್ಚಿದೆ. ಅವಳು ಖುಷಿಪಡುತ್ತಾಳೆ ಅಂತ ನನಗೆ ಸಂಶಯವೇ ಇರಲಿಲ್ಲ. ಎಲ್ಲ ಕೇಳಿಸಿಕೊಂಡಳು.

"ಈಗ ನೆನಪಾತೇನು ಅವರಿಗೆ?" ಅಂದಳು.

"ಇವ ಬ್ಯಾರೆ ಹುಡುಗ. ಚಲೋ ಅದಾನ. ಮಣ್ಣಿಗಿ ಬಂದಿದ್ದ ನೋಡು, ಅವ."

"ಚಲೋ ಇರಲಿ. ಆಯಿ ಹೆಸರು ನಾ ಕೊಡೂದಿಲ್ಲ."

"ಯಾಕ? ನಿಮ್ಮ ಬಾಬಾಗ ಅದೊಂದ ಬೇಕಾಗಿತ್ತು."

"ಬಾಬಾಗ ಬೇಕಾಗಿತ್ತು. ಆಯಿಗೆ ಬೇಕಾಗಿತ್ತಾ? ಯಾರರ ಕೇಳಿದ್ರಾ? ಒಮ್ಮಿ ಹೋಗಿದ್ಲು ಆ ಊರಿಗಿ, ನಾ ಹೊಟ್ಯಾಗಿದ್ದಾಗ. ಹೊಸ್ತಲಾ ದಾಟಸಲಿಲ್ಲ. ಕಟ್ಟಿ ಮ್ಯಾಲ ಕುಂದ್ರಿಸಿ ನೀರು ಕೊಟ್ಟು ಕಳಿಸಿದ್ರು. ಹೊಳ್ಳಿ ಬರೂ ಮುಂದ ಬಸ್ಸಿನಾಗ ಬಾಬಾ ಒಂದ ಮಾತು ಆಡಲಿಲ್ಲಂತ. ಆಯಿ ಶೇಂಗಾ ತಿನಕೋತ ಬಂದ್ಲಂತ. ನನಗ ನಕ್ಕೋತ ಹೇಳ್ತಿದ್ಲು. ಅಂಥಾ ಮನಿಯವ್ರ ಬಾಯಾಗ ಅಕಿ ಹೆಸರು ಯಾಕ ಹಾಕೂದು?"

ಶೇಂಗಾದ ವಿಷಯ ನನಗೆ ಗೊತ್ತಿರಲಿಲ್ಲ. ಕಾಕಾ ಅಷ್ಟೆಲ್ಲ ಹೇಳಿದವರು ಅದನ್ನು ಹೇಳಿರಲಿಲ್ಲ. ನಾನು ಜೋಳದ ಕಥೆ ತೆಗೆದೆ. ನಾನು ಕಾಳು ತೆಗೆದುಕೊಂಡಿದ್ದೇನೆ, ಹೆಸರು ಬಿಡಬಾರದು ಅಂತ ಅವರು ಹೇಳಿದ್ದಾರೆ ಅಂದೆ.

"ಕಾಳು ನೀ ತಿಂದಿ, ಹೆಸರು ನಾ ಕೊಡಬೇಕಾ ಅಕ್ಕಾ?" ಅಂದಳು. ಆ ಮಾತಿನಲ್ಲಿ ಕಾಕೂನ ನಗು ಸ್ವಲ್ಪ ಇತ್ತು. "ನನ್ನ ಹೆಸರು ಕೊಟ್ಟೀದಿ ಅಂದ್ರ ಅದನ್ನೂ ತಗಸು. ಬಾಬಾಂದು ಇರಲಿ. ಅವ ಅವರ ಮಗ."

ಫೋನು ಇಟ್ಟೆ. ಅವಳು ಹೇಳಿದ್ದು ತಪ್ಪು ಅಂತ ನನಗೆ ಅನಿಸಲಿಲ್ಲ. ಕಾಕಾ ಬಯಸಿದ್ದೂ ತಪ್ಪು ಅಂತ ಅನಿಸಲಿಲ್ಲ. ಅವತ್ತು ಅಂಗಡಿಯಲ್ಲಿ ಕಾಕೂ ಹೆಸರು ಹೇಳದೆ ನಕ್ಕರಲ್ಲ, ಅದು ಬರೀ ನಗುವೋ, ಬೇಡ ಅಂದದ್ದೋ. ಅಲ್ಲಿದ್ದ ನಾನಾಗಲಿ ಕಾಕಾ ಆಗಲಿ ಅದನ್ನು ಕೇಳಲಿಲ್ಲ. ಮೀನುಗಾರರ ಓಣಿಯಲ್ಲಿ ವಿಚಾರಿಸಿದರೆ ಹೆಸರು ಸಿಗುತ್ತಿತ್ತು. ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋದೆ, ತಿರುಗಿ ಬಂದೆ. ಮಗಳು ಬೇಡ ಅಂದ ಮೇಲೆ ನಾನು ಯಾರು?

ಊರಿಗೆ ಫೋನು ಮಾಡಿ, ಹೆಸರು ಸಿಗಲಿಲ್ಲ, ಮಗಳದ್ದೂ ಬಿಡಿ ಅಂದೆ. ಹುಡುಗ ಸಪ್ಪಗಾದ. ಹೆಳವ ಫೋನು ಇಸಿದುಕೊಂಡ.

"ಅವ್ವಾ, ಬಿಟ್ಟು ಹೇಳ್ಲೇನು, ಜಾಗಾ ಇಟ್ಟು ಹೇಳ್ಲೇನು?"

"ಜಾಗಾ ಇಡೂದು ಅಂದ್ರ ಹ್ಯಾಂಗ್ರಿ?"

"ಹೆಸರು ಬರೂ ಕಡೆ ಒಂದು ಉಸಿರು ನಿಂದರತೇನ್ರಿ. ಬಿಟ್ಟೇವಿ ಅಂದ್ರ ನಿಂದರೂದಿಲ್ಲ. ನಿಂತೇವಿ ಅಂದ್ರ ಅಲ್ಲಿ ಯಾರೋ ಅದಾರ ಅಂತ. ಮುಂದ ನಾನರ ನನ್ನ ಮಗರ ಬಂದಾಗ ತುಂಬಬಹುದು."

ಕಾಳು ತೆಗೆದುಕೊಂಡವಳು ನಾನು. ಜಾಗ ಇಡಿ ಅಂದೆ. ಅದು ಸರಿಯೋ ತಪ್ಪೋ, ಈ ಕ್ಷಣಕ್ಕೂ ನನಗೆ ಗೊತ್ತಿಲ್ಲ.

ಹುಡುಗ ಅದನ್ನೆಲ್ಲ ರೆಕಾರ್ಡ್ ಮಾಡಿ ಕಳಿಸಿದ. ರಾತ್ರಿ ಅಡಿಗೆ ಮಾಡುತ್ತ ಕೇಳಿದೆ. ಹಳೆಯ ರಾಗ, ಹಳೆಯ ಕನ್ನಡ, ಅರ್ಧಕ್ಕರ್ಧ ನನಗೇ ತಿಳಿಯಲಿಲ್ಲ. ಯಾವುದೋ ಊರು ಬಿಟ್ಟು ಬಂದರಂತೆ, ಯಾವುದೋ ಹೊಳೆ ದಾಟಿದರಂತೆ, ಹೆಸರ ಮೇಲೆ ಹೆಸರು. ಆಮೇಲೆ ಕಾಕಾನ ಹೆಸರು ಬಂತು, ಗೋವಾದಲ್ಲಿ ಮನೆ ಮಾಡಿದ ಅಂತ ಬಂತು. ಒಲೆ ಸಣ್ಣ ಮಾಡಿದೆ. ಕೇಳಬೇಕಾದವರು ಈ ಗೋಡೆಯ ಆಚೆ ಇರುತ್ತಿದ್ದರು. ಆಚೆ ಈಗ ಬೇರೆಯವರಿದ್ದಾರೆ, ಅವರ ಟಿವಿ ಕೇಳುತ್ತಿತ್ತು. ಹೆಂಡತಿ, ಮಗಳು ಇಲ್ಲದ ತಮ್ಮ ಹೆಸರನ್ನು ಕೇಳಿ ಕಾಕಾ ಕಣ್ಣು ಒರೆಸಿಕೊಳ್ಳುತ್ತಿದ್ದರೋ, ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದರೋ… ಅವರನ್ನೇ ಕೇಳಬೇಕು. ಕೇಳಲು ಅವರಿಲ್ಲ.

ಮಗಳಿಗೆ ಅದನ್ನು ಕಳಿಸಿದೆ. ಏನೂ ಬರೆಯಲಿಲ್ಲ, ಸುಮ್ಮನೆ ಕಳಿಸಿದೆ. ಉತ್ತರ ಬರಲಿಲ್ಲ. ಬೈದಿರಬೇಕು ಅಂದುಕೊಂಡೆ.

ಇವತ್ತು ಬೆಳಿಗ್ಗೆ ಅಂಗಡಿ ತೆಗೆಯುವಾಗ ಅವಳ ಫೋನು.

"ಅಕ್ಕಾ, ಅದರಾಗ ಬಾಬಾನ ಹೆಸರು ಎಲ್ಲಿ ಬರ್ತದ? ಅವನ ಕನ್ನಡ ನನಗ ತಿಳೀವಲ್ದು. ನಿನ್ನಿ ರಾತ್ರಿಯಿಂದ ಕೇಳಾಕತ್ತೇನಿ."

"ಕಡೀಕ ಬರ್ತದ. ಹೊಳಿ ದಾಟಿದ್ರು ಅಂತಾನಲ್ಲ, ಅದಾದ ಮ್ಯಾಲೆ."

ಅವಳು ಇನ್ನೊಂದು ಫೋನಿನಲ್ಲಿ ಹಚ್ಚಿದಳು. ಇಬ್ಬರೂ ಕೇಳಿದೆವು. ಹೊಳೆ ಬಂತು. ಹೆಸರುಗಳು ಬಂದವು. ಕಾಕಾನ ಹೆಸರು ಬಂತು. ಅವಳು "ಹಾಂ" ಅಂದಳು, ಬಹಳ ಸಣ್ಣಗೆ. ಗೋವಾ ಬಂತು. ಹೆಳವ ನಿಂತ. ಆಮೇಲೆ ತಮ್ಮನ ಹೆಸರಿಗೆ ಹೋದ.

"ಬಾಬಾ ಆದ ಮ್ಯಾಲೆ ಇವ ಯಾಕ ನಿಂತಾನ ಅಕ್ಕಾ?"

"ಉಸಿರು ತಗೊಂಡಾನ," ಅಂದೆ.

ಅವಳು ಆ ಇನ್ನೊಂದು ಫೋನು ನಿಲ್ಲಿಸಿದಳು.

"ತಡಿ," ಅಂದಳು. "ಇನ್ನೊಮ್ಮಿ ಹಚ್ಚತೇನಿ."